ಎಡಗಡೆಯ ದೀಪ

ತೋಟಪ್ಪನಿಗೆ ಸಿಟ್ಟು ಬಂದದ್ದು ಆ ಮನುಷ್ಯ ಸತ್ತದ್ದಕ್ಕಲ್ಲ, ಅಡ್ಡ ಬಂದದ್ದಕ್ಕೆ.

೨೦೦೬ರ ಏಪ್ರಿಲ್, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ. ಜಕ್ಕಲಿಯ ಹೊಲ ನೋಡಿಕೊಂಡು ರೋಣಕ್ಕೆ ಮರಳುತ್ತಿದ್ದ. ಆ ಹೊತ್ತಿನಲ್ಲಿ ಆ ರಸ್ತೆಯ ಮೇಲೆ ನಾಯಿಯೂ ಸುಳಿಯುವುದಿಲ್ಲ. ರಸ್ತೆಯ ಎರಡೂ ಕಡೆಯ ಎರೆಹೊಲದಲ್ಲಿ ಅರ್ಧಕ್ಕರ್ಧ ಅವನದೇ. ಡಾಂಬರು ಹಾಕಿದ ಗುತ್ತಿಗೆದಾರ ಅವನ ಷಡ್ಡಕ. ಅಂಥ ರಸ್ತೆಯ ಮೇಲೆ ಒಬ್ಬ ಸೈಕಲ್ಲಿನ ಹಿಂದೆ ಹತ್ತಿಕಟ್ಟಿಗೆಯ ಹೊರೆಯನ್ನು ಅಡ್ಡಡ್ಡ ಕಟ್ಟಿಕೊಂಡು, ಹೊಲದ ದಾರಿಯಿಂದ ನೇರ ಮೇಲೆ ಬಂದ. ತೋಟಪ್ಪ ಹಾರ್ನು ಹೊಡೆದಿದ್ದ. ಹಾರ್ನು ಹೊಡೆದ ಮೇಲೆ ತಪ್ಪು ತನ್ನದು ಹೇಗಾಗುತ್ತದೆ?

ಗಾಡಿ ನಿಲ್ಲಿಸಿ ಇಳಿದ. ಮುಂದೆ ಇದನ್ನು ನೆನೆಸಿಕೊಂಡಾಗಲೆಲ್ಲ ತನ್ನನ್ನು ತಾನೇ ಮೆಚ್ಚಿಕೊಂಡ: ಇಳಿಯುವವರು ಎಷ್ಟು ಜನ ಇದ್ದಾರೆ? ಬಿದ್ದವನು ಯಮನೂರಪ್ಪ. ತೋಟಪ್ಪನ ಹತ್ತಿ ಗಿರಣಿಯಲ್ಲೇ ಹನ್ನೊಂದು ಸುಗ್ಗಿ ದುಡಿದವನು. ಅವನ ಬಲಗೈ ಬೆರಳುಗಳು ಮಣ್ಣನ್ನು ಹಿಡಿಯುತ್ತಿದ್ದವು, ಬಿಡುತ್ತಿದ್ದವು. ರೋಣದ ದವಾಖಾನೆ ಹತ್ತು ಹದಿನೈದು ನಿಮಿಷದ ಹಾದಿ. ತೋಟಪ್ಪ ಹಿಂದಿನ ಸೀಟನ್ನು ನೋಡಿದ. ಕೆನೆ ಬಣ್ಣದ ಚರ್ಮದ ಸೀಟು. ಚರ್ಮಕ್ಕೆ ಹತ್ತಿದ ರಕ್ತ ಹೋಗುವುದಿಲ್ಲ ಎಂದು ಎಲ್ಲೋ ಕೇಳಿದ್ದ. ಯಾರಾದರೂ ಬಂದಾರು ಅಂದುಕೊಂಡ, ಗಾಡಿ ಹತ್ತಿದ.

ಗಿರಣಿ ಊರ ಹೊರಗಿತ್ತು. ಹತ್ತಿಯ ಸುಗ್ಗಿ ಮುಗಿದು ಬಾಗಿಲು ಹಾಕಿ ತಿಂಗಳಾಗಿತ್ತು. ಗಾಡಿಯನ್ನು ಒಳಗೆ ಹೊಗಿಸಿ, ಕಬ್ಬಿಣದ ಕದ ಎಳೆದುಕೊಂಡು, ಮುಂಭಾಗವನ್ನು ನಿಧಾನವಾಗಿ ನೋಡಿದ. ಎಡಗಡೆಯ ಮಡ್‌ಗಾರ್ಡು ಒಳಗೆ ಹೋಗಿತ್ತು. ಬಾನೆಟ್ಟಿನ ಮೂಲೆ ಮಡಿಚಿಕೊಂಡಿತ್ತು. ಎಡಗಡೆಯ ದೀಪ ಪುಡಿಯಾಗಿತ್ತು. ಅಷ್ಟೇ. ಒಂದು ಜೀವಕ್ಕೆ ಇಷ್ಟೇ ನುಕ್ಸಾನು ಎಂದು ಅವನಿಗೇ ಆಶ್ಚರ್ಯವಾಯಿತು.

ತೊಡಕು ಗಾಡಿಯ ದೊಡ್ಡಸ್ತಿಕೆಯಲ್ಲೇ ಇತ್ತು. ಪುಣೆಯ ಬಿಲ್ಡರನೊಬ್ಬ ಹತ್ತು ವರ್ಷ ಓಡಿಸಿ ಬಿಟ್ಟ ಜಪಾನಿನ ಗಾಡಿ ಅದು. ಆನೆಯಂಥ ಮೈ, ಒಳಗೆ ಕಟ್ಟಿಗೆಯ ಕೆತ್ತನೆ, ನಾಲ್ಕೂ ಗಾಲಿಗೆ ಎಳೆಯುವ ಶಕ್ತಿ. ರೋಣ, ನರಗುಂದ, ಗಜೇಂದ್ರಗಡ ಮೂರೂ ಊರು ಜಾಲಾಡಿದರೂ ಎರಡನೆಯದು ಸಿಗದು. ಇಷ್ಟು ದಿನ ಅದೇ ಅವನ ಹೆಮ್ಮೆಯಾಗಿತ್ತು. ಈಗ ಯಾವ ಮಿಸ್ತ್ರಿಯ ಮುಂದೆ ಒಯ್ದು ನಿಲ್ಲಿಸಿದರೂ ಸಂಜೆಯೊಳಗೆ ಚಹಾದಂಗಡಿಗಳಲ್ಲಿ ಅದೇ ಮಾತು. ಮಿಸ್ತ್ರಿ ಎಂದರೆ ಸಾಕ್ಷಿ.

ಆದ್ದರಿಂದ ಮಿಸ್ತ್ರಿ ಬೇಡ. ತಾನೇ ಮಾಡಬೇಕು. ಐವತ್ತೆರಡು ವರ್ಷದಲ್ಲಿ ನಟ್ಟು ಬಿಚ್ಚುವ ಒಂದು ಪಾನಾ ಹಿಡಿಯದ ಕೈ. ಅದೇ ಈ ಯೋಜನೆಯ ಬಲ. ತೋಟಪ್ಪ ಸಾವ್ಕಾರ ತನ್ನ ಗಾಡಿ ತಾನೇ ರಿಪೇರಿ ಮಾಡಿಕೊಂಡ ಎಂದು ಯಾವ ಪೊಲೀಸನ ತಲೆಗೂ ಹೊಳೆಯುವುದಿಲ್ಲ.

ಎರಡನೆಯ ಯೋಚನೆ ಇನ್ನೂ ಚೆನ್ನಾಗಿತ್ತು. ಹಳೆಯ ಬಾಯಲ್ಲಿ ಒಂದೇ ಹೊಸ ಹಲ್ಲು ಮೂಡಿದರೆ ಎಲ್ಲರ ಕಣ್ಣೂ ಅಲ್ಲಿಗೇ. ಬಾಯಿಗೆ ಬಾಯೇ ಹೊಸದಾದರೆ ಜನ ನಗು ನೋಡುತ್ತಾರೆ, ಹಲ್ಲು ಎಣಿಸುವುದಿಲ್ಲ. ಎಡಗಡೆಯ ದೀಪವನ್ನಷ್ಟೇ ಬದಲಿಸಿದರೆ ಅದು ಗುನ್ನೆ. ಎರಡೂ ದೀಪ, ಎರಡೂ ಮಡ್‌ಗಾರ್ಡು, ಬಾನೆಟ್ಟು, ಬಣ್ಣ, ಸೀಟು, ಇಂಜಿನ್ನು, ಎಲ್ಲವನ್ನೂ ಬದಲಿಸಿದರೆ ಅದು ಷೋಕಿ. ಷೋಕಿಯ ಮೇಲೆ ಕಾನೂನಿನ ಯಾವ ಕಲಮೂ ಇಲ್ಲ.

ಆ ಎಡಗಡೆಯ ದೀಪಕ್ಕೆ ಮೊದಲೇ ಒಂದು ಇತಿಹಾಸವಿತ್ತು. ಹಿಂದಿನ ನವೆಂಬರಿನಲ್ಲಿ ನರಗುಂದದ ರಸ್ತೆಯಲ್ಲಿ ಜಲ್ಲಿಕಡಿ ತುಂಬಿದ ಟಿಪ್ಪರಿನ ಗಾಲಿಯಿಂದ ಒಂದು ಹರಳು ಸಿಡಿದು ಗಾಜಿಗೆ ಬಡಿದಿತ್ತು. ರೂಪಾಯಿ ನಾಣ್ಯದಷ್ಟು ದುಂಡಗಿನ ತೂತು. ಅದೇ ವಾರ ಗಿರಣಿಯ ಕೂಲಿಗಳು ಬಾಗಿಲಲ್ಲಿ ಕುಳಿತಿದ್ದರು. ಅರಳೆಯ ದೂಳು ಕುಡಿದು ಕೆಮ್ಮಿ ಸಾಯುತ್ತೇವೆ, ಬಾಯಿಗೆ ಕಟ್ಟಲು ಅರಿವೆ ಕೊಡಿ, ಗೋಡೆಗೆ ಒಂದು ದೂಳು ಎಳೆಯುವ ಪಂಖಾ ಹಾಕಿಸಿ ಎಂದು. ತೋಟಪ್ಪ ಪಂಖಾ ಹಾಕಿಸಲಿಲ್ಲ, ಕೇಸು ಹಾಕಿಸಿದ. ಕೂಲಿಗಳು ಕಲ್ಲೆಸೆದು ಗಾಡಿ ಒಡೆದರು ಎಂದು ಐವರ ಹೆಸರು ಬರೆಸಿದ. ಐವರೂ ಇಪ್ಪತ್ತು ದಿನ ಜೈಲಿನ ಅನ್ನ ಉಂಡು ಬಂದರು. ಗಾಡಿ ಎರಡು ದಿನ ಠಾಣೆಯ ಅಂಗಳದಲ್ಲಿ ನಿಂತು ಮನೆಗೆ ಮರಳಿತು. ವಕೀಲರ ಗುಮಾಸ್ತ ತಂದ ಕಾಗದಗಳಿಗೆ ತೋಟಪ್ಪ ನಿಂತಲ್ಲೇ ಸಹಿ ಹಾಕಿ ಮರೆತ. ಕೋರ್ಟಿನ ಕಾಗದ ಓದಿಕೊಳ್ಳಬೇಕಾದವರು ಆರೋಪಿಗಳು, ಫಿರ್ಯಾದಿಯಲ್ಲ. ತೂತನ್ನು ಮಾತ್ರ ಹಾಗೇ ಬಿಟ್ಟಿದ್ದ. ಬಂದವರಿಗೆಲ್ಲ ಬೆರಳು ತೂರಿಸಿ ತೋರಿಸುತ್ತಿದ್ದ: "ನೋಡ್ರಿ, ಅನ್ನಾ ಹಾಕಿದಾವಗ ಇವರು ಕೊಟ್ಟ ಇನಾಮು."

ಇರಲಿ. ಈಗ ಆ ತೂತೂ ಇಲ್ಲ, ದೀಪವೂ ಇಲ್ಲ.

ಅಂದು ಸಂಜೆಯೊಳಗೆ ಗಾಡಿ ಗಾಲಿ ಕಳಚಿಕೊಂಡು ನಾಲ್ಕು ಕಟ್ಟಿಗೆ ದಿಮ್ಮಿಗಳ ಮೇಲೆ ಕುಳಿತಿತ್ತು. ಮುಂಭಾಗಕ್ಕೆ ತಾಡಪತ್ರಿ. ಪಕ್ಕದಲ್ಲಿ ಸರಪಳಿಯ ರಾಟೆಗೆ ಒಂದು ಇಂಜಿನ್ನು ನೇತಾಡುತ್ತಿತ್ತು. ಅದು ಗಾಡಿಯದಲ್ಲ, ಗಿರಣಿಯ ಮೂಲೆಯಲ್ಲಿ ತುಕ್ಕು ತಿನ್ನುತ್ತಿದ್ದ ನೀರೆತ್ತುವ ಪಂಪಿನದು. ಎಣ್ಣೆ ಸುರಿದು, ಅರಿವೆ ಹೊದಿಸಿ ತೂಗುಹಾಕಿದ್ದ.

ಮೂರನೆಯ ದಿನ ಲಾಡಸಾಬ ಬಂದ. ಠಾಣೆಯ ಪೇದೆ, ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟರೂ ತುದಿಯಲ್ಲಿ ಕೂಡುವವನು.

"ದೊಡ್ಡ ಗಾಡಿ ಇದ್ದವರನ್ನೆಲ್ಲಾ ನೋಡ್ಕೊಂಡು ಬಾ ಅಂದಾರ್ರಿ ಸಾಹೇಬ್ರು. ನಿಮ್ಮಲ್ಲಿಗೆ ಬರಾಕ ನನಗ ನಾಚಿಕಿ."

"ನಾಚಿಕಿ ಯಾಕೋ? ಡ್ಯೂಟಿ ಡ್ಯೂಟಿನ. ನೋಡು, ಸೋಮವಾರನ ಇಂಜಿನ್ನ ಇಳಿಸೀನಿ. ಗಾಡಿ ಪೂರಾ ಹೊಸಾದು ಮಾಡಬೇಕಂತ, ಅದೂ ನನ್ನ ಕೈಯಾರೆ."

ಲಾಡಸಾಬ ನೇತಾಡುವ ಪಂಪಿನ ಇಂಜಿನ್ನನ್ನು ಭಕ್ತಿಯಿಂದ ನೋಡಿದ. "ಏನ ಇಂಜಿನ್ರೀ ಇದು! ಜಪಾನದವರಂದ್ರ ಜಪಾನದವರು."

ತೋಟಪ್ಪ ನಗು ನುಂಗಿಕೊಂಡ. ಲಾಡಸಾಬ ಚಹಾ ಕುಡಿದು, ಗಾಡಿ ಸೋಮವಾರದಿಂದ ಇಂಜಿನ್ನಿಲ್ಲದೆ ನಿಂತಿದೆ ಎಂದು ಬರೆದುಕೊಂಡು, ಹೊರಡುವಾಗ ಹೇಳಿದ: "ಸತ್ತಾವನ ಹೇಣ್ತಿ ಮರಿಯವ್ವ ದಿನಾ ಠಾಣೆಕ್ಕ ಬಂದು ಕುಂದರತಾಳ್ರಿ. ಒಂದು ಗಾಜಿನ ಚೂರು ಸೆರಗಿನ್ಯಾಗ ಕಟಗೊಂಡು. ಹೆಣದ ಬಾಜೂಕ ಸಿಕ್ಕೈತಂತ. ಒಂದು ಕಡೆ ಯಾರೋ ಕೊರದಂಗ ದುಂಡಗೈತಿ, ಅರ್ಧಚಂದ್ರ ಇದ್ಹಾಂಗ. ನಮ್ಮ ಸಾಹೇಬ್ರು, ರಸ್ತಾದಾಗ ಗಾಜಿಗೇನ ಬರಗಾಲ ಬಂದೈತಿ, ಹೋಗಬೇ ಅಂದ್ರು."

"ಪಾಪ," ಎಂದ ತೋಟಪ್ಪ.

ಆ ಚೂರಿನ ಸುದ್ದಿ ಅವನಿಗೆ ಹೊಸದಲ್ಲ. ದೀಪದೊಳಗೆ ಉಳಿದ ಗಾಜನ್ನೆಲ್ಲ ಹಾಳೆಯ ಮೇಲೆ ಜೋಡಿಸಿ ನೋಡಿದ್ದ. ಬಸ್ಸಿನ ಚೀಟಿಯಷ್ಟು ಒಂದು ತುಣುಕು ಕಡಿಮೆ ಬಿದ್ದಿತ್ತು. ಅದಕ್ಕೂ ಆಗಲೇ ಲೆಕ್ಕ ಹಾಕಿದ್ದ. ಒಂದು ಚೂರು ಸಾಕ್ಷಿಯಾಗಬೇಕಾದರೆ ಅದು ಕೂಡಿಕೊಳ್ಳಲು ಇನ್ನೊಂದು ಚೂರು ಬೇಕು. ಉಳಿದ ಗಾಜನ್ನು ಒರಳಿಗೆ ಹಾಕಿ ಹಿಟ್ಟು ಮಾಡಿ, ಸಿಮೆಂಟಿನಲ್ಲಿ ಕಲಸಿ, ಗಿರಣಿಯ ಬಾಗಿಲ ಮೆಟ್ಟಿಲಿಗೆ ಮೆತ್ತಿದ್ದ. ದೀಪದ ಡಬ್ಬಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ಹಾಳುಬಾವಿಗೆ ಒಗೆದಿದ್ದ. ಆ ದಿನ ಕಾಲಲ್ಲಿದ್ದ ಬೂಟುಗಳನ್ನು ಸುಟ್ಟಿದ್ದ. ಲಾಡಸಾಬ ಅಂದು ಹೋಗುವಾಗ ಆ ಮೆಟ್ಟಿಲನ್ನೇ ತುಳಿದುಕೊಂಡು ಹೋದ.

ಇನ್ನು ವಿದ್ಯೆ. ಅದಕ್ಕೆ ಗಜೇಂದ್ರಗಡದ ಮಲಿಕಸಾಬನ ಗ್ಯಾರೇಜು. ಗುಡ್ಡದ ಬುಡದಲ್ಲಿ ತಗಡಿನ ಮಾಡು, ಇಪ್ಪತ್ತು ವರ್ಷದಿಂದ ಜೀಪುಗಳ ಡೊಂಕು ತಿದ್ದುವ ಮನುಷ್ಯ. ತೋಟಪ್ಪ ಗಿರಣಿಯ ಟೆಂಪೊದಲ್ಲಿ ಒಂದು ಹಳೆಯ ಜೀಪಿನ ಮಡ್‌ಗಾರ್ಡು ಹಾಕಿಕೊಂಡು ಹೋಗಿ, ಕಲಿಸು ಎಂದ.

"ಈ ವಯಸ್ಸಿನ್ಯಾಗ ಇದೇನ ಹುಚ್ಚರೀ ಸಾವ್ಕಾರ್ರ? ಒಂದು ಮಾತು ಹೇಳಿದ್ರ ನಾನ ಬಂದು ಮಾಡತಿದ್ನೆಲ್ರಿ."

"ಫಾರಿನ್ದಾಗ ದೊಡ್ಡ ದೊಡ್ಡ ಮಂದಿ ತಮ್ಮ ಗಾಡಿ ತಾವ ಮಾಡ್ಕೋತಾರಪಾ. ಟೀವ್ಯಾಗ ನೋಡೀನಿ."

"ಅಲ್ಲಿ ಮಿಸ್ತ್ರಿಗೋಳು ಸಿಗೂದಿಲ್ಲೇನೋ ಪಾಪ," ಎಂದ ಮಲಿಕಸಾಬ. ಆದರೂ ಕಲಿಸಿದ. ತಗಡಿನ ಒಳಗೆ ಕಬ್ಬಿಣದ ಗುಂಡು ಒತ್ತಿ ಹಿಡಿದು ಹೊರಗಿನಿಂದ ತಟ್ಟುವುದು. ತಗ್ಗು ತುಂಬುವ ಪುಟ್ಟಿಯನ್ನು ಉಗುರಿನಷ್ಟು ತೆಳ್ಳಗೆ ಎಳೆಯುವುದು. ನೀರು ಹಾಕುತ್ತ ಉಸುಕಿನ ಕಾಗದದಿಂದ ತಿಕ್ಕುವುದು. "ಕೈಕಿಂತ ಮೊದಲ ಕಿವಿ ಕಲೀಬೇಕ್ರಿ. ಪುಟ್ಟಿ ತುಂಬಿದಲ್ಲಿ ತಗಡ ಮಾತಾಡೂದಿಲ್ಲ. ಬಡದ ನೋಡಿದ್ರ ಎಲ್ಲಿ ಗಾಯ ಆಗಿತ್ತಂತ ನಾ ಕಣ್ಣ ಮುಚ್ಚಿ ಹೇಳತೇನಿ."

ಈ ಮಾತು ತೋಟಪ್ಪನಿಗೆ ಇಪ್ಪತ್ತು ಪಾಠಗಳಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. ತನ್ನ ಗಾಡಿಗೆ ಪುಟ್ಟಿಯನ್ನೇ ನಂಬಲಿಲ್ಲ. ಮುಂಬೈಯ ಹಳೆ ಸಾಮಾನಿನ ಬಜಾರಿನಿಂದ ಬಾನೆಟ್ಟು, ಮಡ್‌ಗಾರ್ಡು, ದೀಪ, ಎಲ್ಲವನ್ನೂ ಜೋಡಿಜೋಡಿಯಾಗಿ ತರಿಸಿದ. ಹಳೆಯವನ್ನು ಕತ್ತರಿಸಿ, ಗಿರಣಿಯ ಹಳೆ ಕಬ್ಬಿಣದ ಜೊತೆಗೆ ಹುಬ್ಬಳ್ಳಿಯ ಎರಕದ ಭಟ್ಟಿಗೆ ಕಳಿಸಿದ. ಇಂಜಿನ್ನನ್ನು ನಿಜಕ್ಕೂ ಇಳಿಸಿದ, ಬಿಚ್ಚಿದ, ತೊಳೆದ, ಪುಸ್ತಕ ನೋಡಿ ಮತ್ತೆ ಕೂಡಿಸಿದ. ಎರಡು ನಟ್ಟು ಉಳಿದವು. ಮತ್ತೆ ಬಿಚ್ಚಿದ. ಎಲ್ಲಿಯವು ಎಂದು ಹುಡುಕಿ ಹಾಕಿದಾಗ ಆದ ಸಂತೋಷ ಅವನಿಗೆ ಮಗಳ ಮದುವೆಯಲ್ಲೂ ಆಗಿರಲಿಲ್ಲ.

ಬಣ್ಣಕ್ಕೆ ಮೊದಲು ಮೈಯನ್ನೆಲ್ಲ ತಿಕ್ಕುವಾಗ ದೂಳು ಎದ್ದಿತು. ಒಂದೇ ದಿನಕ್ಕೆ ಕೆಮ್ಮು ಹತ್ತಿತು. ಮರುದಿನವೇ ಗಜೇಂದ್ರಗಡದ ಔಷಧಿ ಅಂಗಡಿಯಿಂದ ಬಾಯಿಗೆ ಕಟ್ಟುವ ಅರಿವೆಯ ಒಂದು ಡಬ್ಬಿ ತಂದ, ಗೋಡೆ ಒಡೆಸಿ ದೂಳೆಳೆಯುವ ಪಂಖಾ ಕೂಡಿಸಿದ. ಗಾಳಿ ಚಲೋ ಆಯಿತು. ಇಷ್ಟು ಸಣ್ಣ ಕೆಲಸವನ್ನು ಮೊದಲೇ ಯಾಕೆ ಮಾಡಿಸಿರಲಿಲ್ಲ ಎಂಬ ಪ್ರಶ್ನೆ ಅವನಿಗೆ ಏಳಲಿಲ್ಲ. ಮೊದಲು ಅಲ್ಲಿ ಉಸಿರಾಡುತ್ತಿದ್ದದ್ದು ಅವನಲ್ಲವಲ್ಲ.

ತಿಂಗಳಾದ ಮೇಲೆ ಒಂದು ಸೀರೆ, ಒಂದು ಚೀಲ ಜೋಳ ಟೆಂಪೊಗೆ ಹಾಕಿಕೊಂಡು ಜಕ್ಕಲಿಗೆ ಹೋದ. ಹನ್ನೊಂದು ಸುಗ್ಗಿ ದುಡಿದವನ ಮನೆಗೆ ಮಾಲಕ ಹೋಗದಿದ್ದರೆ ಅದೇ ಒಂದು ಮಾತಾಗುತ್ತದೆ. ಮರಿಯವ್ವ ಬಾಗಿಲಲ್ಲಿ ಕುಳಿತಿದ್ದಳು. ಪಕ್ಕದ ಮನೆಯ ಹೊಸ್ತಿಲಿಗೆ ಒರಗಿ ಕಳಕೇಶ ನಿಂತಿದ್ದ. ಕಲ್ಲಿನ ಕೇಸಿನ ಐವರಲ್ಲಿ ಮೊದಲನೆಯವನು.

"ಧೈರ್ಯಾ ತಗೋಬೇಕವಾ," ಎಂದ ತೋಟಪ್ಪ. "ಯಾವನೋ ಪಾಪಿ. ಹೊಡದು ಹಂಗ ಹೋಗ್ಯಾನಂದ್ರ ಅಂವ ಮನುಷ್ಯಾನ?"

"ಹಂಗ ಹೋಗಿಲ್ರಿ. ಇಳದಿದ್ದ."

"ಯಾರು?"

"ಹೊಡದಾವ. ಮಣ್ಣಾಗ ಬೂಟಿನ ಹೆಜ್ಜಿ ಇದ್ದೂರಿ. ಬಂದು, ನಿಂತು, ನೋಡಿ, ಹೊಳ್ಳಿ ಹೋಗ್ಯಾನ. ಇಳೀಲಾರದ ಹೋಗಿದ್ರ ಹೆದರಿ ಓಡಿದ ಅಂತಿದ್ದೆ. ನಮ್ಮ ಮನ್ಯಾವಗ ಇನ್ನೂ ಜೀವ ಇತ್ರಿ. ಮುಷ್ಟಿತುಂಬ ಮಣ್ಣ ಹಿಡಕೊಂಡಿದ್ದ."

ತೋಟಪ್ಪ ಸೀರೆಯನ್ನು ಮುಂದೆ ಹಿಡಿದ. ಆಕೆ ಸೀರೆ ನೋಡಲಿಲ್ಲ, ಕೈ ನೋಡಿದಳು. ಉಗುರ ಸಂದಿಗೆ ಕಪ್ಪು ಎಣ್ಣೆ, ಅಂಗೈಗೆ ಬೊಬ್ಬೆ.

"ನಿಮ್ಮ ಕೈ ಯಾಕ ಹಿಂಗಾಗ್ಯಾವ್ರಿ? ನಮ್ಮವು ಇದ್ಹಾಂಗ."

"ಸಾವ್ಕಾರ್ರು ಗಾಡಿ ಮಾಡಾಕತ್ಯಾರಲ್ಲಬೇ," ಎಂದ ಕಳಕೇಶ ಹೊಸ್ತಿಲಿನಿಂದಲೇ. "ಭಾಳ ದೂಳ ಅಂತಲ್ರಿ ಅದು? ಬಾಯಿಗೆ ಅರಿವಿ ಕಟಗೋರಿ ಮತ್ತ. ನಮ್ಮಂಗ ಕೆಮ್ಮ ಹತ್ತೀತು."

ತೋಟಪ್ಪನಿಗೆ ಮೈ ಉರಿಯಿತು. ಇಪ್ಪತ್ತು ದಿನ ಸಾಲಲಿಲ್ಲ ಈ ಮಗನಿಗೆ. ಜೋಳದ ಚೀಲ ಇಳಿಸಿ ಹೊರಟು ಬಂದ. ಮರುದಿನವೇ ವಕೀಲರಿಗೆ ಫೋನು ಮಾಡಿದ. "ಆ ಕಲ್ಲಿನ ಕೇಸು ಎಲ್ಲಿ ಕೊಳೀತೈತ್ರಿ? ಚಾರ್ಜಶೀಟ ಲಗೂ ಹಾಕಸ್ರಿ. ಅವರಿಗೆ ಶಿಕ್ಷಾ ಆಗಬೇಕು."

"ಆತು ಬಿಡ್ರಿ, ನಾನ ಬೆನ್ನ ಹತ್ತತೇನಿ," ಎಂದರು ವಕೀಲರು.

ಜೂನ್ ಕೊನೆಗೆ ಗಾಡಿ ಮುಗಿಯಿತು. ಗಿರಣಿಯ ಕದ ತೆರೆದು ಹೊರಗೆ ತಂದಾಗ ಎಳೆಬಿಸಿಲು ಅದರ ಬಿಳಿ ಮೈಮೇಲೆ ನಿಲ್ಲಲಾರದೆ ಜಾರಿತು. ಪರೀಕ್ಷೆ ಇರಲಿ ಎಂದು ಅದನ್ನು ಸೀದಾ ಗಜೇಂದ್ರಗಡಕ್ಕೆ ಓಡಿಸಿದ. ಮಲಿಕಸಾಬ ಕೈ ಒರೆಸಿಕೊಂಡು ಬಂದು ಸುತ್ತು ಹಾಕಿದ. ಬಾನೆಟ್ಟು, ಮಡ್‌ಗಾರ್ಡು, ಬಾಗಿಲು, ಎಲ್ಲವನ್ನೂ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟ. ಎಲ್ಲ ಕಡೆ ಒಂದೇ ಸದ್ದು. ಎಲ್ಲೂ ಗಾಯವಿಲ್ಲ.

"ಯಾ ಮಿಸ್ತ್ರಿ ಕಡೆ ಮಾಡಿಸಿದ್ರಿ, ಖರೇ ಹೇಳ್ರಿ."

"ನಾನ."

"ಹಂಗಾರ ನನ್ನ ಗ್ಯಾರೇಜಿನ ಎದುರಿಗೆ ಬಂದು ಅಂಗಡಿ ಹಾಕಬ್ಯಾಡ್ರಿ ಸಾವ್ಕಾರ್ರ, ನಮಗ ಮಕ್ಕಳು ಮರಿ ಅದಾವು." ಮಲಿಕಸಾಬ ಎಡಗಡೆಯ ದೀಪದ ಮುಂದೆ ಕುಕ್ಕರಗಾಲಲ್ಲಿ ಕುಳಿತ. "ಆ ತೂತಿನ ದೀಪ ಏನ ಮಾಡಿದ್ರಿ? ಒಳಗಿನ ಡಬ್ಬಿ ಚಲೋ ಇತ್ತಲ್ರಿ, ನನಗಾರ ಕೊಡಬೇಕಿಲ್ಲೋ?"

ತೋಟಪ್ಪ ಬಗ್ಗಿ ಹೊಸ ದೀಪದ ಗಾಜನ್ನು ಅಂಗೈಯಿಂದ ಒರೆಸಿದ. "ಹಳೇದೆಲ್ಲಾ ಒಟ್ಟಿಗೆ ಗುಜರಿಗೆ ಹಾಕಿದ್ನೆಪಾ. ಆ ತೂತ ನೋಡಿದಾಗೊಮ್ಮೆ ಹೊಟ್ಟ್ಯಾಗ ಸಂಕಟ ಆಗತಿತ್ತು."

"ಅದೂ ಖರೇನ," ಎಂದು ಮಲಿಕಸಾಬ ಎದ್ದ.

ಕಡೆಯ ಸಾಕ್ಷಿಯೂ ಮುಗಿಯಿತು. ಮುಂದಿನ ಸೋಮವಾರ ನರಗುಂದದಲ್ಲಿ ಹತ್ತಿ ವ್ಯಾಪಾರಸ್ಥರ ಸಭೆ. ಗಾಡಿಯ ಸುತ್ತ ಜನ ಮುಕುರಿದರು. ಅಧ್ಯಕ್ಷರು ಶಾಲು ಹೊದಿಸಿದರು. ತೋಟಪ್ಪ ಎರಡೂ ಅಂಗೈಗಳನ್ನು ಸಭೆಗೆ ತೋರಿಸಿ, ದುಡಿಮೆಗೆ ಮರ್ಯಾದೆ ಕೊಡಬೇಕು, ನಮ್ಮ ಕೂಲಿಗಳು ಮೈಗಳ್ಳರಾಗಿದ್ದಾರೆ, ಕೈಯಿಂದ ಕೆಲಸ ಮಾಡುವ ಸುಖ ಅವರಿಗೆ ಗೊತ್ತಿಲ್ಲ ಎಂದು ಭಾಷಣ ಮಾಡಿದ. ಚಪ್ಪಾಳೆ ಬಿತ್ತು. ರೋಣಕ್ಕೆ ಮರಳುವಾಗ, ಬೇಕೆಂದೇ ಸುತ್ತು ಹಾಕಿ, ಜಕ್ಕಲಿಯ ರಸ್ತೆಯಿಂದಲೇ ಬಂದ. ಆ ಜಾಗ ಬಂದಾಗ ವೇಗ ಇಳಿಸಲಿಲ್ಲ, ಹಾರ್ನನ್ನೂ ಹೊಡೆಯಲಿಲ್ಲ. ತಾನೇ ಬಿಚ್ಚಿ ಕೂಡಿಸಿದ ಇಂಜಿನ್ನು ಬೆಣ್ಣೆಯ ಹಾಗೆ ಓಡಿತು.

ಗಿರಣಿಯ ಬಾಗಿಲಲ್ಲಿ, ಗಾಜು ಕಲಸಿದ ಆ ಮೆಟ್ಟಿಲ ಮೇಲೆಯೇ ಲಾಡಸಾಬ ಕುಳಿತಿದ್ದ. ತೋಟಪ್ಪನನ್ನು ಕಂಡು ಎದ್ದ, ಗಾಡಿ ಕಂಡು ಬಾಯಿ ತೆರೆದ. "ಚಲೋ ಸುದ್ದಿರಿ ಸಾವ್ಕಾರ್ರ. ನಿಮ್ಮ ಕಲ್ಲಿನ ಕೇಸು ಲಗೂ ಬಂತು, ಗುರುವಾರ ತಾರೀಖು," ಎಂದು ಕಾಗದ ಚಾಚಿದ. "ಗಾಡಿ ಕೋರ್ಟಿಗೆ ತರಬೇಕಂತ್ರಿ. ನೀವು ಬಾಂಡ್ ಬರದು ಬಿಡಿಸಿಕೊಂಡೀರಲ್ಲ, ಗಾಡಿ ಇದ್ದದ್ದು ಇದ್ದಂಗ ಇಟ್ಟು, ಕೇಳಿದಾಗ ತರತೇನಂತ. ಈಗ ನೀವು ಅದನ್ನ… ಹೋಗ್ಲಿ ಬಿಡ್ರಿ, ಫೋಟೋ ಐತೆಲ್ಲಾ." ಕಾಗದಕ್ಕೆ ಟಾಚಣಿ ಚುಚ್ಚಿದ ಫೋಟೋವನ್ನು ತೋಟಪ್ಪ ನೋಡಿದ. ಪಂಚನಾಮೆಯ ದಿನ ತಾನೇ ಹಟ ಹಿಡಿದು ಹತ್ತಿರದಿಂದ ತೆಗೆಸಿದ್ದು. ಎಡಗಡೆಯ ದೀಪ, ಅದರೊಳಗೆ ದುಂಡಗಿನ ತೂತು, ತೂತಿನಿಂದ ನಾಲ್ಕು ಕಡೆಗೆ ಹರಿದ ಬಿರುಕುಗಳು, ಒಂದೊಂದು ಗೆರೆಯೂ ಸ್ಪಷ್ಟ. "ಇಂಥಾವ ಐದೂ ಆರೋಪಿಗೋಳಿಗೆ ಒಂದೊಂದು ಕೊಟ್ಟಾರ್ರಿ ಚಾರ್ಜಶೀಟ ಜೋಡಿ, ಕಾಯ್ದೆ ಹಂಗೈತಿ," ಎಂದ ಲಾಡಸಾಬ ಮೆಲ್ಲಗೆ, ಈ ಸಲ ಗಾಡಿಯನ್ನೂ ನೋಡದೆ, ತೋಟಪ್ಪನನ್ನೂ ನೋಡದೆ. "ಕಳಕೇಶ ತಂದು ಮನ್ಯಾಗ ಇಟ್ಟಿದ್ನಂತ. ಮರಿಯವ್ವ ತನ್ನ ಸೆರಗಿನ ಚೂರು ಬಿಚ್ಚಿ ಅದರ ಮ್ಯಾಲ ಇಟ್ಟು ನೋಡ್ಯಾಳ್ರಿ. ನಿನ್ನೆ ಇಬ್ಬರೂ ಗದಗಿಗೆ ಹೋಗ್ಯಾರ, ನಮ್ಮ ಪೊಲೀಸ ದೊಡ್ಡ ಸಾಹೇಬ್ರ ಕಡೆ." ತೋಟಪ್ಪ ಇನ್ನೂ ಫೋಟೋ ನೋಡುತ್ತಲೇ ಇದ್ದ. ಎಷ್ಟು ದೊಡ್ಡ ತೂತು ಎಂದು ಕೋರ್ಟಿಗೆ ಕಾಣಲಿ ಅಂತ ತೂತಿನ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವನ್ನು ಹಿಡಿದುಕೊಂಡಿದ್ದ ಎರಡು ಬೆರಳುಗಳಿದ್ದವು ಅದರಲ್ಲಿ. ಎಣ್ಣೆ ಕಾಣದ, ಬೊಬ್ಬೆ ಕಾಣದ, ಮೆತ್ತಗಿನ ಬೆರಳುಗಳು, ತನ್ನವೇ.